ಅಂಗಳದ ಮಣ್ಣು ನೋಡಿ ಟ್ರಾವರ್ಟೈನ್ ಬಣ್ಣ ಆರಿಸಿ

ಪ್ರಶ್ನೆ: ಬದಿಯಡ್ಕದ ಹತ್ತಿರ, ನಮ್ಮ ಹಳೆ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಪೂರ್ತಿ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಸಾರಣೆ ಮುಗಿದಿದೆ. ಮಗ ದುಬೈಯಲ್ಲಿದ್ದಾನೆ. ಅಲ್ಲಿ ನೋಡಿದ ಟ್ರಾವರ್ಟೈನ್ ಕಲ್ಲನ್ನೇ ಸಿಟ್‌ಔಟ್, ಚಾವಡಿ, ದೇವರ ಕೋಣೆ, ಬಾತ್‌ರೂಮ್, ಅಡುಗೆಮನೆಯ ಕಟ್ಟೆ ಎಲ್ಲದಕ್ಕೂ ಹಾಕಬೇಕು ಅಂತ ಅವನ ಆಸೆ. ಮಂಗಳೂರಿನ ಒಂದು ಅಂಗಡಿಯಲ್ಲಿ ಐವರಿ (ಕೆನೆ ಬಿಳಿ), ವಾಲ್‌ನಟ್ (ಕಂದು), ಸಿಲ್ವರ್ (ಬೂದು) ಅಂತ ಮೂರು ಬಣ್ಣ ತೋರಿಸಿದರು. ನನಗೆ ಐವರಿ ತುಂಬ ಇಷ್ಟವಾಯಿತು. ಪಾಲಿಶ್ ಬೇಕಾ, ಮ್ಯಾಟ್ ಬೇಕಾ ಅಂತ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮ ಮೇಸ್ತ್ರಿ "ತೂತು ಇರುವ ಕಲ್ಲು ಸೆಕೆಂಡ್ಸ್ ಮಾಲು" ಅನ್ನುತ್ತಾರೆ. ಅಂಗಡಿಯವರು "ಸೀಲರ್ ಹೊಡೆದರೆ ಮತ್ತೆ ಏನೂ ಆಗುವುದಿಲ್ಲ" ಅನ್ನುತ್ತಾರೆ. ನಾವು ಅಡಿಕೆ ತೋಟದವರು. ಮನೆಯಲ್ಲಿ 78 ವರ್ಷದ ಅತ್ತೆ ಇದ್ದಾರೆ. ಜನ ಬಂದು ಹೋಗುವುದು ಜಾಸ್ತಿ. ಇಷ್ಟು ದುಡ್ಡು ಹಾಕಿ ಆಮೇಲೆ ಬೇಸರ ಪಡುವಂತಾಗಬಾರದು. ಏನು ಮಾಡಲಿ?
- ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಣ್ಣ ಯಾವುದು, ಪಾಲಿಶ್ ಬೇಕಾ ಅಂತ ಕೇಳಿದ್ದೀರಿ. ಆದರೆ ನಿಮ್ಮ ಮನಸ್ಸಿನಲ್ಲಿರುವ ಹೆದರಿಕೆ ಕೊನೆಯ ಸಾಲಿನಲ್ಲಿದೆ. ಮಗನ ಆಸೆಯನ್ನು ಬೇಡ ಅನ್ನಲೂ ಆಗದು, ತೋಟದ ಕೆಸರು ಕಾಲಿನಲ್ಲಿ ಬರುವ ಮನೆಯಲ್ಲಿ ಆ ಕಲ್ಲು ಹೇಗೆ ಬಾಳುತ್ತದೋ ಅನ್ನುವ ಚಿಂತೆಯೂ ಬಿಡದು. ನಾನು 26 ವರ್ಷದಿಂದ ಮಂಗಳೂರು, ಕಾಸರಗೋಡು ಕಡೆಯ ಮನೆಗಳಿಗೆ ಕಲ್ಲು ಹಾಸಿಸುವ ಕೆಲಸದಲ್ಲಿದ್ದೇನೆ. ಟ್ರಾವರ್ಟೈನ್ ಹಾಕಿಸಿ ಖುಷಿಯಾಗಿರುವವರನ್ನೂ ನೋಡಿದ್ದೇನೆ, ಎರಡೇ ವರ್ಷಕ್ಕೆ ಕಿತ್ತು ತೆಗೆಸಿದವರನ್ನೂ ನೋಡಿದ್ದೇನೆ. ಇಬ್ಬರೂ ತಂದದ್ದು ಒಂದೇ ಥರದ ಕಲ್ಲು. ಎಲ್ಲಿ ಹಾಕಿದರು, ಯಾವ ಫಿನಿಶ್ ತೆಗೆದುಕೊಂಡರು ಅನ್ನುವಲ್ಲಿ ವ್ಯತ್ಯಾಸ ಆದದ್ದು.

ಮೊದಲು ತೂತಿನ ವಿಷಯ. ಇಲ್ಲಿ ನಿಮ್ಮ ಮೇಸ್ತ್ರಿ ಹೇಳಿದ್ದು ಸರಿಯಲ್ಲ. ಈ ಕಲ್ಲಿಗೆ ತೂತು ಹುಟ್ಟುಗುಣ. ನೆಲದಡಿಯ ಸುಣ್ಣಕಲ್ಲನ್ನು ಕರಗಿಸಿಕೊಂಡು ನೀರು ಊಟೆಯಾಗಿ ಮೇಲೆ ಬರುತ್ತದೆ, ಹೆಚ್ಚಾಗಿ ಬಿಸಿನೀರು. ಹೊರಗೆ ಬಂದ ಕೂಡಲೇ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಸೋಡಾ ಬಾಟ್ಲಿಯ ಮುಚ್ಚಳ ತೆಗೆದ ಹಾಗೆ. ಆಗ ಕರಗಿದ್ದ ಸುಣ್ಣ ಪದರ ಪದರವಾಗಿ ಕೂರುತ್ತದೆ. ಗುಳ್ಳೆ ನಿಂತ ಜಾಗ, ಪಾಚಿ ಅಥವಾ ಹುಲ್ಲುಕಡ್ಡಿ ಸಿಕ್ಕಿಹಾಕಿಕೊಂಡು ಆಮೇಲೆ ಕೊಳೆತುಹೋದ ಜಾಗ ತೂತಾಗಿ ಉಳಿಯುತ್ತದೆ. ಟರ್ಕಿಯ ಪಾಮುಕ್ಕಲೆ ಅನ್ನುವಲ್ಲಿ ಇದು ಈಗಲೂ ಕಣ್ಣೆದುರೇ ನಡೆಯುತ್ತಿದೆ. ಅಲ್ಲಿ ಬೆಟ್ಟದ ಬದಿಯಲ್ಲಿ ಬೆಳ್ಳಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿದೆ. ರೋಮಿನ ಕೊಲೋಸಿಯಂಗೆ ಬಳಸಿದ್ದೂ ಟಿವೊಲಿ ಹತ್ತಿರದ ಗಣಿಯ ಟ್ರಾವರ್ಟೈನನ್ನೇ. ಕ್ರಿ.ಶ. 80ರಲ್ಲಿ ಅದರ ಉದ್ಘಾಟನೆ ಆಯಿತು. ತೂತಿನ ಕಲ್ಲು ಅಂದರೆ ಬಾಳಿಕೆ ಇಲ್ಲದ ಕಲ್ಲು ಅಂತ ಅರ್ಥವಲ್ಲ.

ಹಾಗೆ ನೋಡಿದರೆ ನಮಗೆ ತೂತಿನ ಕಲ್ಲು ಹೊಸದಲ್ಲ. ನಿಮ್ಮ ಗೋಡೆಯ ಮುರಕಲ್ಲನ್ನೇ ನೋಡಿ. ಬೇಕಲ ಕೋಟೆ ನಿಂತಿರುವುದೂ ಅದರಲ್ಲೇ ಅಲ್ವಾ? ಆದರೆ ಮುರಕಲ್ಲಿಗೂ ಟ್ರಾವರ್ಟೈನಿಗೂ ಒಂದು ದೊಡ್ಡ ಭೇದ ಇದೆ. ಮುರಕಲ್ಲು ಕಬ್ಬಿಣ, ಅಲ್ಯೂಮಿನಿಯಂ ಸೇರಿದ ಮಣ್ಣಿನಿಂದ ಆದದ್ದು. ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ, ಹುಳಿಗೆ ಬೇಗ ಸೋಲುವುದಿಲ್ಲ. ಟ್ರಾವರ್ಟೈನ್ ಶುದ್ಧ ಸುಣ್ಣದ ವಂಶ. ಎಲೆಗೆ ಹಚ್ಚುವ ಸುಣ್ಣ ಮಾಡಲು ಸುಡುತ್ತಾರಲ್ಲ, ಆ ಚಿಪ್ಪು ಯಾವುದರಿಂದ ಆಗಿದೆಯೋ ಇದೂ ಅದರಿಂದಲೇ ಆದದ್ದು: ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಬಿದ್ದರೆ ಕರಗುತ್ತದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೇಸ್ತ್ರಿಯವರ ಮಾತಿನಲ್ಲಿ ಒಂದು ಎಳೆ ನಿಜವೂ ಇದೆ. ತೂತು ಇರುವುದು ಸಹಜ, ಆದರೆ ಆರಪಾರ ಇರಬಾರದು. ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಅದನ್ನು ನೆಲಕ್ಕೆ ಹಾಕಬೇಡಿ. ಪದರದ ಉದ್ದಕ್ಕೂ ಉಗುರು ಆಡಿಸಿ. ಪುಡಿ ಉದುರಿದರೆ, ಮಣ್ಣಿನ ಗೆರೆ ಸಿಕ್ಕಿದರೆ ಅದನ್ನೂ ಪಕ್ಕಕ್ಕೆ ಇಡಿ.

ಇನ್ನು ಸೀಲರ್. ಅಂಗಡಿಯವರು ಹೇಳಿದ್ದು ಅರ್ಧ ಸತ್ಯ. ಒಳ್ಳೆಯ ಸೀಲರ್ ಕಲ್ಲಿನ ಒಳಗೆ ಇಳಿದು ನೀರು, ಎಣ್ಣೆ ಬೇಗ ಇಂಗದ ಹಾಗೆ ತಡೆಯುತ್ತದೆ. ಒರೆಸಲು ನಿಮಗೆ ಸ್ವಲ್ಪ ಹೊತ್ತು ಸಿಗುತ್ತದೆ, ಅಷ್ಟೇ. ಹುಳಿ ಕಲ್ಲನ್ನು ತಿನ್ನುವುದನ್ನು ಅದು ತಡೆಯುವುದಿಲ್ಲ. ಕಲೆ ಬೇರೆ, ಹುಳಿ ತಿಂದ ಗುರುತು ಬೇರೆ. ಕಲೆ ಅಂದರೆ ಕಲ್ಲಿನೊಳಗೆ ಇಳಿದ ಬಣ್ಣ. ಅದನ್ನು ಹೊರಗೆ ಎಳೆಯಬಹುದು. ಹುಳಿ ತಿಂದಲ್ಲಿ ಕಲ್ಲೇ ಹೋಗಿರುತ್ತದೆ. ಮತ್ತೆ ಉಜ್ಜಿಸಬೇಕು, ಬೇರೆ ದಾರಿ ಇಲ್ಲ. ನಿಂಬೆ, ಹುಣಸೆ, ಮಜ್ಜಿಗೆ, ಪುನರ್ಪುಳಿ ಶರ್ಬತ್, ವಿನೆಗರ್ ಎಲ್ಲವೂ ಈ ಸಾಲಿಗೆ ಸೇರುತ್ತವೆ. ನಮ್ಮ ಊರಿನಲ್ಲಿ ಇದರಲ್ಲಿ ಒಂದಾದರೂ ಚೆಲ್ಲದ ದಿನ ಇದೆಯಾ?

ಕೆಲವು ವರ್ಷದ ಹಿಂದೆ ಒಂದು ಮನೆಯಲ್ಲಿ ನಾನೇ ನಿಂತು ಐವರಿ ಪಾಲಿಶ್ ಕಲ್ಲು ಹಾಸಿಸಿದ್ದೆ. ಕೆಲಸ ಮುಗಿದ ಸಂಜೆ ಬೇರೆ ಸೈಟಿಗೆ ಹೋದೆ. ಟೈಲ್ಸ್ ಹುಡುಗರು ವಾಡಿಕೆಯಂತೆ ಸಿಮೆಂಟ್ ಕಲೆ ತೆಗೆಯಲು ಆಸಿಡ್ ನೀರು ಹೊಯ್ದಿದ್ದಾರೆ. ವಿಟ್ರಿಫೈಡ್ ಟೈಲ್ಸ್‌ಗೆ ಅದು ನಡೆಯುತ್ತದೆ. ಮನೆಯವರು ಫೋನ್ ಮಾಡಿ "ನೆಲ ನೊರೆ ಬರ್ತಾ ಇದೆ" ಅಂದರು. ನಾನು ತಲುಪುವಾಗ ಬುಸುಬುಸು ಸದ್ದು ನಿಂತಿತ್ತು. ಕೈ ಆಡಿಸಿ ನೋಡಿದೆ. ಕನ್ನಡಿಯಂತಿದ್ದ ನೆಲ ಮರಳು ಕಾಗದದ ಹಾಗೆ ತರಿತರಿಯಾಗಿತ್ತು. ತುಂಬಿದ್ದ ತೂತುಗಳ ಸುತ್ತ ಕಲ್ಲು ತಗ್ಗಿ, ಫಿಲ್ಲಿಂಗ್ ಮಾತ್ರ ಗುಳ್ಳೆಯಂತೆ ಎದ್ದು ನಿಂತಿತ್ತು. ಹುಡುಗರಿಗೆ ಮೊದಲೇ ಹೇಳಿ ಹೋಗದೆ ಇದ್ದದ್ದು ನನ್ನ ತಪ್ಪು. ಅಂದಿನಿಂದ ಟ್ರಾವರ್ಟೈನ್ ಬರುವ ದಿನವೇ ಸೈಟಿನಿಂದ ಆಸಿಡ್ ಕ್ಯಾನ್ ಹೊರಗೆ ಕಳುಹಿಸುತ್ತೇನೆ. ನೀವೂ ಹಾಗೇ ಮಾಡಿ. ಟಾಯ್ಲೆಟ್ ತೊಳೆಯುವ ನೀಲಿ ಬಾಟ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ಅಂಥ ಹೆಚ್ಚಿನ ಬಾಟ್ಲಿಗಳಲ್ಲಿ ಇರುವುದು ಆಸಿಡ್ಡೇ.

ನಿಮ್ಮ ಮಗನಿಗೂ ಒಂದು ಮಾತು ಹೇಳಿ. ದುಬೈಯಲ್ಲಿ ಅವನು ನೋಡಿದ ಕಲ್ಲು ಚೆನ್ನಾಗಿಯೇ ಇರುತ್ತದೆ. ಅಲ್ಲಿ ವರ್ಷದ ಮಳೆ 100 ಮಿಲಿಮೀಟರಿನ ಆಸುಪಾಸು. ಕಾಸರಗೋಡಿನಲ್ಲಿ ಸುಮಾರು 3500 ಮಿಲಿಮೀಟರ್. ಅಲ್ಲಿ ಚಪ್ಪಲಿಗೆ ಅಂಟುವುದು ಒಣ ಧೂಳು, ಇಲ್ಲಿ ಕೆಂಪು ಕೆಸರು. ಅಲ್ಲಿನ ಫೋಟೋ ನೋಡಿ ಇಲ್ಲಿನ ಬಣ್ಣ ತೀರ್ಮಾನಿಸಲು ಆಗುವುದಿಲ್ಲ.

ಹಾಗಾದರೆ ಬಣ್ಣ. ಈ ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳಿಗೆ ಕ್ಯಾಲ್ಸೈಟ್ ಅನ್ನುತ್ತಾರೆ. ಶುದ್ಧ ಕ್ಯಾಲ್ಸೈಟ್ ಬಿಳಿ. ಅದರ ಜೊತೆ ಕಬ್ಬಿಣದ ಅಂಶ ಸೇರಿದಾಗ ಹಳದಿ, ಕಂದು, ಕೆಂಪು ಬಣ್ಣ ಬರುತ್ತದೆ. ನಮ್ಮ ಮುರಕಲ್ಲನ್ನೂ ಅಂಗಳದ ಮಣ್ಣನ್ನೂ ಕೆಂಪು ಮಾಡಿದ್ದು ಇದೇ ಕಬ್ಬಿಣ. ಹಾಗಾಗಿ ವಾಲ್‌ನಟ್ ಅಥವಾ ಬೀಜ್ (ತಿಳಿ ಕಂದು) ಬಣ್ಣದ ಟ್ರಾವರ್ಟೈನ್ ನಮ್ಮ ಮಣ್ಣಿನ ಪಕ್ಕ ಪರಕೀಯ ಅನ್ನಿಸುವುದೇ ಇಲ್ಲ. ಕೆಂಪು ಮಣ್ಣಿನ ಕಣ ತೂತಿನಲ್ಲಿ ಕೂತರೂ ಅದು ಕಲ್ಲಿನದೇ ಗೆರೆ ಅನ್ನುವಂತೆ ಬೆರೆತುಹೋಗುತ್ತದೆ. ಐವರಿಯ ಮೇಲೆ ಅದೇ ಕಣ ಎದ್ದು ಕಾಣುತ್ತದೆ. ಬಾಗಿಲಿನಿಂದ ಚಾವಡಿಗೆ ಜನ ನಡೆಯುವ ದಾರಿ ಒಂದೇ ಮಳೆಗಾಲದಲ್ಲಿ ತೆಳು ಕೆಂಪು ಪಟ್ಟಿಯಾಗಿ ಕಾಣತೊಡಗುತ್ತದೆ. ನಿಮಗೆ ಐವರಿ ಇಷ್ಟ ಅಂತ ಬರೆದಿದ್ದೀರಿ. ಆ ಇಷ್ಟವನ್ನು ಪೂರ್ತಿ ಬಿಡುವುದು ಬೇಡ, ಕಾಲು ತಾಗದ ಕಡೆ ಇಡಿ. ದೇವರ ಕೋಣೆಯ ಹಿಂದಿನ ಗೋಡೆಗೆ ಅದು ಬಹಳ ಚಂದ. ದೀಪದ ಬೆಳಕಿಗೆ ಬೆಣ್ಣೆಯ ಹಾಗೆ ಕಾಣುತ್ತದೆ.

ಸಿಲ್ವರ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ನಿಮ್ಮ ಮನೆಗೆ ಅದು ಬೇಡ. ಅಂಗಡಿಯ ಬಿಳಿ ಎಲ್‌ಇಡಿ ಬೆಳಕಿನಲ್ಲಿ ಅದು ಜೀವಂತವಾಗಿ ಕಾಣುತ್ತದೆ. ನಿಮ್ಮ ಮನೆಯ ಸುತ್ತ ಅಡಿಕೆ ಮರ, ಮುಂದೆ ಇಳಿಜಾರು ಮಾಡು. ಆಟಿ ತಿಂಗಳಲ್ಲಿ (ಆಷಾಢದ ಮಳೆಗಾಲ) ಮಧ್ಯಾಹ್ನವೂ ಮಬ್ಬು, ಒಳಗೆ ಬರುವ ಬೆಳಕಿಗೂ ಹಸಿರು ಛಾಯೆ. ಆ ಬೆಳಕಿನಲ್ಲಿ ಬೂದು ಕಲ್ಲು ಒದ್ದೆ ಸಿಮೆಂಟಿನ ಹಾಗೆ ಕಾಣುತ್ತದೆ. ಬಿಸಿಲು ಚೆನ್ನಾಗಿ ಬೀಳುವ, ದೊಡ್ಡ ಕಿಟಕಿಯ ಮನೆಗೆ ಅದು ಸರಿ.

ಗಾಢ ಬಣ್ಣವಾದರೆ ಏನೂ ಕಾಣುವುದಿಲ್ಲ ಅಂತಲೂ ಕೆಲವರು ಹೇಳುತ್ತಾರೆ. ಮಣ್ಣು ಕಾಣುವುದಿಲ್ಲ, ನಿಜ. ಆದರೆ ಗಾಢ ಕಲ್ಲಿಗೆ ಪಾಲಿಶ್ ಮಾಡಿಸಿದರೆ ಹುಳಿ ತಿಂದ ಗುರುತು ಬೆಳ್ಳಗೆ, ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಲೋಟದ ತಳದ ದುಂಡು ಗುರುತು ಕೂಡ. ಅದಕ್ಕೇ ನಾನು ಬಣ್ಣಕ್ಕಿಂತ ಮೊದಲು ಫಿನಿಶ್ ಮಾತಾಡೋಣ ಅನ್ನುವುದು.

ಪಾಲಿಶ್ ಬೇಡ, ಹೋನ್ಡ್ ತೆಗೆದುಕೊಳ್ಳಿ. ಅಂಗಡಿಯವರು ಮ್ಯಾಟ್ ಅಂದದ್ದು ಇದನ್ನೇ. ನುಣುಪಾಗಿ ಉಜ್ಜಿರುತ್ತಾರೆ, ಹೊಳಪು ಬರುವ ಮೊದಲೇ ನಿಲ್ಲಿಸಿರುತ್ತಾರೆ. ಕಾರಣ ಮೂರು. ಕಲ್ಲುಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಕ್ಯಾಲ್ಸೈಟಿನದು 3, ಅಂಗಳದ ಮರಳಿನಲ್ಲಿರುವ ಬೆಣಚುಕಲ್ಲಿನದು 7. ಕಾಲಿಗೆ ಅಂಟಿ ಬರುವ ಮರಳೇ ಪಾಲಿಶನ್ನು ದಿನಾ ಸ್ವಲ್ಪ ಸ್ವಲ್ಪ ಕೆರೆದು ತೆಗೆಯುತ್ತದೆ. ಓಡಾಡುವ ಜಾಗ ಮಂಕು, ಸೋಫಾದ ಅಡಿ ಮಾತ್ರ ಹೊಳಪು ಅಂತಾಗುತ್ತದೆ. ಎರಡನೆಯದು, ತೂತಿಗೆ ತುಂಬಿದ ಫಿಲ್ಲಿಂಗ್ ಕಲ್ಲಿನಷ್ಟು ಹೊಳೆಯುವುದಿಲ್ಲ. ಓರೆ ಬೆಳಕಿಗೆ ನೆಲ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಮೂರನೆಯದು ನಿಮ್ಮ ಅತ್ತೆ. ಒದ್ದೆ ಕಾಲಿಗೆ ಪಾಲಿಶ್ ಕಲ್ಲು ಜಾರುತ್ತದೆ. ಆ ವಯಸ್ಸಿನಲ್ಲಿ ಒಂದು ಸಲ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಬ್ರಶ್ಡ್, ಟಂಬಲ್ಡ್ ಅನ್ನುವ ಫಿನಿಶ್‌ಗಳೂ ಇವೆ. ಬ್ರಶ್ಡ್ ಅಂದರೆ ಮೆದು ಭಾಗವನ್ನು ಬ್ರಶ್‌ನಿಂದ ತೆಗೆದು ಪದರಗಳು ಕೈಗೆ ತಾಗುವಂತೆ ಮಾಡಿದ್ದು. ಟಂಬಲ್ಡ್ ಅಂದರೆ ಅಂಚು ಮೂಲೆ ಸವೆಸಿ ಹಳತಿನ ಹಾಗೆ ಮಾಡಿದ್ದು. ಎರಡರಲ್ಲೂ ಕಾಲಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಆದರೆ ತಗ್ಗುಗಳಲ್ಲಿ ಕೊಳೆ ಕೂರುತ್ತದೆ, ಮಳೆ ಎರಚುವ ಕಡೆ ಪಾಚಿಯೂ ಹಿಡಿಯುತ್ತದೆ. ನೆಲಕ್ಕೆ ತೂತು ತುಂಬಿದ ಕಲ್ಲೇ ಬೇಕು. ಗೋಡೆಗೆ ತೂತು ಹಾಗೇ ಇರಲಿ, ಅದರ ಚಂದ ಇರುವುದೇ ಅಲ್ಲಿ. ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ತುಂಬಿದ್ದು ರೆಸಿನ್ನಾ (ಪ್ಲಾಸ್ಟಿಕ್‌ನಂಥ ಅಂಟು), ಸಿಮೆಂಟಾ? ರೆಸಿನ್ ಬಿಸಿಲಿಗೆ ಹಳದಿಯಾಗುತ್ತದೆ. ಬಿಸಿಲು ಬೀಳುವ ಕಡೆಗೆ ಸಿಮೆಂಟ್ ಫಿಲ್ಲಿಂಗ್ ಒಳ್ಳೆಯದು. ಕುರ್ಚಿ ಕಾಲು ಒತ್ತಿ ಅಲ್ಲಲ್ಲಿ ಹೊಸ ತೂತು ಬಾಯಿ ಬಿಡುವುದೂ ಇದೆ. ಗಾಬರಿ ಬೇಡ, ಅದೇ ಬಣ್ಣದ ಫಿಲ್ಲರ್ ಸ್ವಲ್ಪ ತೆಗೆದಿಟ್ಟುಕೊಂಡರೆ ತುಂಬಬಹುದು.

ಕಲ್ಲನ್ನು ಕೊಯ್ಯುವ ದಿಕ್ಕಿನಿಂದಲೂ ನೋಟ ಬದಲಾಗುತ್ತದೆ. ಪದರಕ್ಕೆ ಅಡ್ಡವಾಗಿ ಕೊಯ್ದರೆ ಮರದ ಹಲಗೆಯ ಹಾಗೆ ಉದ್ದ ಗೆರೆ ಬರುತ್ತದೆ, ಇದು ವೆಯ್ನ್ ಕಟ್. ಪದರದ ಜೊತೆಗೇ ಕೊಯ್ದರೆ ಮೋಡದ ಹಾಗೆ ಹರಡಿದ ಚಿತ್ತಾರ, ಇದು ಕ್ರಾಸ್ ಕಟ್. ಗೋಡೆಗೆ ಗೆರೆಯದು, ನೆಲಕ್ಕೆ ಮೋಡದ್ದು ಅಂತ ನಾನು ಹೆಚ್ಚಾಗಿ ಹೇಳುತ್ತೇನೆ. ನೆಲದ ಮೇಲೆ ಗೆರೆ ಇದ್ದರೆ ಬಿಲ್ಲೆಯಿಂದ ಬಿಲ್ಲೆಗೆ ಜೋಡಿಸುವುದು ಕಷ್ಟ, ಸಣ್ಣ ತಪ್ಪೂ ಕಣ್ಣಿಗೆ ಹೊಡೆಯುತ್ತದೆ.

ಈಗ ನಿಮ್ಮ ಮನೆಯ ಒಂದೊಂದೇ ಜಾಗಕ್ಕೆ ಬರೋಣ. ಅಡುಗೆಮನೆಯ ಕಟ್ಟೆಗೆ ಖಂಡಿತ ಬೇಡ, ಗ್ರಾನೈಟ್ ಹಾಕಿ. ಇದರಲ್ಲಿ ಎರಡು ಮಾತಿಲ್ಲ. ಬಾತ್‌ರೂಮಿನ ಒಂದು ಗೋಡೆಗೆ ಹಾಕಬಹುದು, ನೆಲಕ್ಕೆ ಬೇಡ. ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯುವ ಔಷಧಗಳೆಲ್ಲ ಹುಳಿಯವೇ, ಕಲೆಯ ಜೊತೆ ಕಲ್ಲೂ ಹೋಗುತ್ತದೆ. ದೇವರ ಕೋಣೆಗೆ ಗೋಡೆ ಸರಿ. ನೆಲಕ್ಕೆ ಎಣ್ಣೆ, ಕುಂಕುಮ, ಅರಶಿನ, ತೀರ್ಥ ಎಲ್ಲ ಬೀಳುತ್ತದೆ. ಜೊತೆಗೆ ಹುಣಸೆಹಣ್ಣು ಹಾಕಿ ತಿಕ್ಕಿದ ದೀಪವನ್ನು ಒದ್ದೆಯಲ್ಲೇ ತಂದು ಇಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಇದೆ.

ಸಿಟ್‌ಔಟ್ ಬಗ್ಗೆ ಸ್ವಲ್ಪ ಜಾಸ್ತಿ ಯೋಚಿಸಬೇಕು. ತೋಟದಿಂದ ಬಂದವರು ಕೂರುವುದು ಅಲ್ಲಿ. ಎಲೆಅಡಿಕೆ ಹಾಕುವುದು ಅಲ್ಲಿ. ಮಳೆ ಬಂದಾಗ ಅಂಗಳದ ಅಡಿಕೆಯನ್ನು ಗಡಿಬಿಡಿಯಲ್ಲಿ ಎಳೆದು ತಂದು ರಾಶಿ ಹಾಕುವುದೂ ಅಲ್ಲೇ. ಒದ್ದೆ ಅಡಿಕೆಯ ಒಗರು ಕಲ್ಲಿನೊಳಗೆ ಇಳಿದರೆ ಕಂದು ಕಲೆ ಕೂರುತ್ತದೆ. ಹಲಸಿನ ಮೇಣ ತೂತಿಗೆ ಹೊಕ್ಕರೆ ತೆಗೆಯುವುದು ಎಷ್ಟು ಕಷ್ಟ ಅಂತ ಮೇಣ ಮುಟ್ಟಿದವರಿಗೆಲ್ಲ ಗೊತ್ತು. ಹಾಗಾಗಿ ಸಿಟ್‌ಔಟ್ ನೆಲಕ್ಕೆ ಲೆದರ್ ಫಿನಿಶ್ (ಚರ್ಮದ ಹಾಗೆ ಸ್ವಲ್ಪ ತರಿ ಇರುವ) ಗ್ರಾನೈಟ್ ಹಾಕಿ, ಅಲ್ಲಿನ ಗೋಡೆಗೆ ಅಥವಾ ಕಂಬಗಳಿಗೆ ವಾಲ್‌ನಟ್ ಟ್ರಾವರ್ಟೈನ್ ಹಾಕಿ. ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯೇ. ಮಗನ ಆಸೆ ಅಲ್ಲಿ ನೆರವೇರುತ್ತದೆ.

ಚಾವಡಿಯ ನೆಲಕ್ಕೆ ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ತೂತು ತುಂಬಿದ ಹೋನ್ಡ್ ವಾಲ್‌ನಟ್ ಅಥವಾ ಬೀಜ್ ಟ್ರಾವರ್ಟೈನ್. ಹಾಕಿದರೆ ಕಾಲಿಗೆ ಹಿತ, ನೋಡಲು ಚಂದ. ಆದರೆ ಬಾಗಿಲಲ್ಲಿ ದಪ್ಪ ಕಾಲೊರೆಸು, ಚೆಲ್ಲಿದ್ದನ್ನು ಕೂಡಲೇ ಒರೆಸುವ ಅಭ್ಯಾಸ, ಆಗಾಗ ಹೊಸ ಸೀಲರ್ ಇದೆಲ್ಲ ಬೇಕು. ನೆಲದ ಮೇಲೆ ನಾಲ್ಕು ಹನಿ ನೀರು ಬಿಡಿ. ಹತ್ತು ನಿಮಿಷದಲ್ಲಿ ಆ ಜಾಗ ಕಪ್ಪಾದರೆ ಸೀಲರ್ ಸವೆದಿದೆ ಅಂತ ಲೆಕ್ಕ. ಎರಡನೆಯ ದಾರಿ, ಟ್ರಾವರ್ಟೈನ್ ನೋಟದ ಪೋರ್ಸಲೀನ್ ಟೈಲ್ಸ್. ಹುಳಿ, ಎಣ್ಣೆ ಯಾವುದರ ಚಿಂತೆಯೂ ಇಲ್ಲ. ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತದೆ, ಕೈಯಿಂದ ಮುಟ್ಟಿದಾಗ ಕಲ್ಲಿನ ಭಾವ ಬರುವುದಿಲ್ಲ. ಮನೆ ಕೆಲಸ ಪೂರ್ತಿ ನಿಮ್ಮ ಒಬ್ಬರ ತಲೆ ಮೇಲೆ ಇದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಕಲ್ಲಿನ ಚಾಕರಿ ಮಾಡುತ್ತಾ ದಿನ ಕಳೆಯಬೇಕಾಗಿ ಬಂದರೆ ಆ ಚಂದಕ್ಕೆ ಅರ್ಥ ಇಲ್ಲ.

ಕೂರಿಸುವ ಕೆಲಸದಲ್ಲಿ ಎರಡು ಮೂರು ವಿಷಯ ಮೇಸ್ತ್ರಿಗೆ ಗಟ್ಟಿಯಾಗಿ ಹೇಳಿ. ತಿಳಿ ಬಣ್ಣದ ಕಲ್ಲಿಗೆ ಬಿಳಿ ಅಂಟೇ ಬೇಕು. ಬೂದು ಸಿಮೆಂಟಿನ ನೆರಳು ಕಲ್ಲಿನ ಮೂಲಕ ಮೇಲೆ ಬರುತ್ತದೆ. ಅಂಟನ್ನು ಐದು ಮುದ್ದೆ ಇಟ್ಟು ಒತ್ತುವುದು ಬೇಡ, ಹಲ್ಲಿನ ಕರಣೆಯಲ್ಲಿ ಪೂರ್ತಿ ಹರಡಬೇಕು. ಟೊಳ್ಳು ಉಳಿದ ಕಡೆ ಕಲ್ಲು ಬಿರಿಯುತ್ತದೆ. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ, ಸದ್ದೇ ಹೇಳುತ್ತದೆ. ಬಿಲ್ಲೆಯ ಬೆನ್ನಿಗೆ ರೆಸಿನ್ ಬಲೆ ಇದ್ದರೆ ಸಾದಾ ಅಂಟು ಹಿಡಿಯುವುದಿಲ್ಲ, ಅದಕ್ಕೆ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಬೇಕು. ಗೋಡೆಗೆ 20 ಮಿಲಿಮೀಟರ್ ಸ್ಲ್ಯಾಬ್ ಆದರೆ ಒಂದು ಚದರ ಮೀಟರಿಗೆ ಸುಮಾರು 50 ಕಿಲೋ ಭಾರ. ಎತ್ತರದಲ್ಲಿ ಬರೀ ಅಂಟನ್ನು ನಂಬಬೇಡಿ, ಸ್ಟೀಲ್ ಪಿನ್ ಹಾಕಿಸಿ. 12 ಮಿಲಿಮೀಟರ್ ಬಿಲ್ಲೆ ಇದಕ್ಕಿಂತ ಹಗುರ, ನಿಮ್ಮ ಕಂಬಗಳಿಗೆ ಅದೇ ಸಾಕು.

ಕಲೆ ಆಗಿಬಿಟ್ಟರೆ ಉಜ್ಜಲು ಹೋಗಬೇಡಿ. ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಹಚ್ಚಿ. ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಎಲೆಅಡಿಕೆ, ಅಡಿಕೆ ಒಗರು, ಕಾಫಿ ಕಲೆಗೆ ನೀರಿನ ಬದಲು ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಹಚ್ಚಿ. ದಿನಾ ಒರೆಸಲು ಬರೀ ನೀರು, ಬೇಕಾದರೆ ಹುಳಿ ಇಲ್ಲದ ಮೆದು ಸೋಪು.

ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಮೂರೂ ಬಣ್ಣದ ಒಂದೊಂದು ಬಿಲ್ಲೆಯನ್ನು ದುಡ್ಡು ಕೊಟ್ಟಾದರೂ ಮನೆಗೆ ತನ್ನಿ. ಅರ್ಧ ಭಾಗಕ್ಕೆ ಅವರು ಹೇಳುವ ಸೀಲರ್ ಹಚ್ಚಿಸಿ ತನ್ನಿ. ಅಂಗಳದ ಕೆಸರು ಒಂದು ಮೂಲೆಗೆ ಮೆತ್ತಿ. ಇನ್ನೊಂದು ಕಡೆ ತೆಂಗಿನೆಣ್ಣೆ, ಮತ್ತೊಂದು ಕಡೆ ಪುನರ್ಪುಳಿ ನೀರು, ಅಡಿಕೆ ರಸ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಆಮೇಲೆ ಚಾವಡಿಯಲ್ಲಿ ಹಗಲು ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ, ಒದ್ದೆ ಮಾಡಿ ಒಮ್ಮೆ ನೋಡಿ. ಮಗನಿಗೂ ವಿಡಿಯೋ ಕಾಲ್‌ನಲ್ಲಿ ತೋರಿಸಿ. ನಾನು ಇಷ್ಟು ಬರೆದದ್ದಕ್ಕಿಂತ ಆ ಮೂರು ಬಿಲ್ಲೆಗಳು ನಿಮ್ಮಿಬ್ಬರಿಗೂ ಸರಿಯಾಗಿ ತಿಳಿಸುತ್ತವೆ.

ಕಲ್ಲು ತೆಗೆದುಕೊಳ್ಳುವಾಗ ಎಲ್ಲವೂ ಒಂದೇ ಲಾಟಿನದು ಇರಲಿ, ಲೆಕ್ಕಕ್ಕಿಂತ 10 ಶೇಕಡಾ ಜಾಸ್ತಿ ತನ್ನಿ. ಅಂಟಿಸುವ ಮೊದಲು ನೆಲದ ಮೇಲೆ ಸುಮ್ನೆ ಹಾಸಿ ನೋಡಿ, ಗಾಢ ಬಿಲ್ಲೆ ಒಂದೇ ಕಡೆ ಗುಂಪಾಗದಂತೆ ಬದಲಿಸಿ. ಮಳೆಗಾಲದಲ್ಲಿ ಮಾತ್ರ ಈ ಕೆಲಸ ಹಿಡಿಯಬೇಡಿ. ನೆಲದ ಪಸೆ ಆರದೆ ಸೀಲರ್ ಹೊಡೆದರೆ ಒಳಗಿನ ನೀರು ಹೊರಗೆ ಬರಲಾಗದೆ ಮಚ್ಚೆ ಮಚ್ಚೆ ಕಾಣುತ್ತದೆ. ತುಲಾ ಮಳೆ (ಅಕ್ಟೋಬರ್-ನವೆಂಬರಿನ ಮಳೆ) ನಿಂತ ಮೇಲೆ, ಡಿಸೆಂಬರ್ ಹೊತ್ತಿಗೆ ಶುರು ಮಾಡಿಸಿ. ಮಗ ರಜೆಯಲ್ಲಿ ಬರುವುದು ಆಗಲೇ ಆದರೆ ಬಿಲ್ಲೆ ಹಾಸಿ ನೋಡುವ ದಿನ ಅವನೂ ಪಕ್ಕದಲ್ಲಿರಲಿ.